ಗಿರಣಿ ಮೇಲಿನ ಮುಯ್ಯಿ

ಮೊನ್ನೆ ಕಚೇರಿ ಕೆಲಸದ ಮೇಲೆ ಶಹಾಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಿಂದ ಹಳೇ ಪೇಟೆಯ ಕಡೆ ನಡೆಯುತ್ತಿದ್ದಾಗ ಒಂದು ಗಿರಣಿಯ ಬಾಗಿಲಿನಿಂದ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಬಂತು. ಅಷ್ಟೇ ಸಾಕಾಯಿತು. ಕೈಯಲ್ಲಿದ್ದ ಫೈಲು, ತಲೆಯಲ್ಲಿದ್ದ ಮೀಟಿಂಗು ಎಲ್ಲ ಮರೆತು, "ಎರಡನೇ ನಳ ಯಾವಾಗ ಮುಚ್ಚಿದ್ರು?" ಎಂದು ನಡುಬೀದಿಯಲ್ಲೇ ಕಿರುಚಬೇಕೆನ್ನಿಸಿತು. ಪಕ್ಕದಲ್ಲಿ ನಮ್ಮ ಕಚೇರಿಯವರಿದ್ದರು, ಮರ್ಯಾದೆಗೆ ಸುಮ್ಮನಾದೆ.

ಅದು ಮಲ್ಲಮ್ಮನ ಗಿರಣಿ. ಬಾಗಿಲಿನ ಬಣ್ಣ ಬದಲಾಗಿದೆ, ಅಟ್ಟದ ಮೇಲಿನ ಕೋಣೆ ಹಾಗೇ ಇದೆ. ಒಂದು ವರ್ಷ ಆ ಕೋಣೆಯಲ್ಲಿ ನಾನೂ ಸುಜಾತಾಳೂ ಇದ್ದೆವು. ಊರವರು ಐಎಎಸ್ ಪರೀಕ್ಷೆ ಎನ್ನುವ ಆ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದೆವು. ಗಿರಣಿ ಶುರುವಾದರೆ ನೆಲವೇ ನಡುಗುತ್ತಿತ್ತು. ಅಂಥ ಕೋಣೆಯನ್ನು ಬೇರೆ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ನಮಗೆ ಸಿಕ್ಕಿತ್ತು. ನಮ್ಮ ಸಂವಿಧಾನದ ಪುಸ್ತಕದ ಮೇಲೆ ಯಾವಾಗಲೂ ಜೋಳದ ಹಿಟ್ಟು, ಅರ್ಥಶಾಸ್ತ್ರದ ಮೇಲೆ ಖಾರದ ಪುಡಿ. ಕರೆಂಟು ಹೋದಾಗ ಶಾಂತವಾಗಿ ಓದುವುದು, ಕರೆಂಟು ಬಂದಾಗ ಕಿರುಚಿ ಓದುವುದು, ಇದು ನಮ್ಮ ಪದ್ಧತಿ.

ಸುಜಾತಾ ಸಿಕ್ಕಿದ್ದು ಶಹಾಪುರದ ವಾಚನಾಲಯದಲ್ಲಿ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ. ಐಎಎಸ್ ಫಲಿತಾಂಶ ಬಂದ ಪತ್ರಿಕೆಯನ್ನು ಟೇಬಲ್ಲಿಗೆ ಹೊಡೆದು ಹೊಡೆದು ಮಡಚುತ್ತಿದ್ದ ಹುಡುಗಿಯನ್ನು ನೋಡಿ, ಇವಳಿಗೂ ಈ ವರ್ಷ ಪರೀಕ್ಷೆ ಕೈಕೊಟ್ಟಿದೆ ಎಂದು ಗೊತ್ತಾಯಿತು. ನನಗೂ ಕೈಕೊಟ್ಟಿತ್ತು. ಒಂದೇ ರೋಗದವರು ಬೇಗ ಮಾತಿಗಿಳಿಯುತ್ತಾರೆ.

"ನಿಂದು ಎಲ್ಲಿ ಹೋತು?" ಎಂದೆ.

"ಮೇನ್ಸ್‌ನ್ಯಾಗ. ಇಂಗ್ಲಿಷ್ ಪೇಪರ್ ಹೊಡೀತು. ನನ್ನ ಉಳಿದ ಪೇಪರ್ ಅವರು ತೆರೆದೂ ನೋಡಿಲ್ಲ."

ನನಗೆ ಅರ್ಥವಾಯಿತು, ಈ ಪರೀಕ್ಷೆ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಸಂಕಟ ಅದು. ಮೇನ್ಸ್ ಎಂಬ ಮುಖ್ಯ ಪರೀಕ್ಷೆಯಲ್ಲಿ ಒಂಬತ್ತು ಪತ್ರಿಕೆ. ಪ್ರಬಂಧ ಒಂದು, ಸಾಮಾನ್ಯ ಜ್ಞಾನದವು ನಾಲ್ಕು, ನಾವೇ ಆಯ್ದುಕೊಂಡ ವಿಷಯದವು ಎರಡು. ರ‍್ಯಾಂಕಿಗೆ ಹಿಡಿಯುವುದು ಈ ಏಳನ್ನೇ. ಉಳಿದೆರಡು ಭಾಷಾ ಪತ್ರಿಕೆಗಳು, ಒಂದು ನಮ್ಮ ಕನ್ನಡದ್ದು, ಇನ್ನೊಂದು ಇಂಗ್ಲಿಷಿನದು. ಇವುಗಳಲ್ಲಿ ನೂರಕ್ಕೆ ಇಪ್ಪತ್ತೈದು ಬಂದರೆ ಸಾಕು, ಆ ಅಂಕವನ್ನು ಎಲ್ಲೂ ಕೂಡಿಸುವುದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಎಲ್ಲರೂ ಅವನ್ನು ಕಡೆಗಣಿಸುತ್ತಾರೆ. ಆದರೆ ಅಷ್ಟೂ ಬರದಿದ್ದರೆ ಮಿಕ್ಕ ಏಳು ಪತ್ರಿಕೆಗಳಲ್ಲಿ ನೀವು ಚಿನ್ನವನ್ನೇ ಬರೆದಿರಿ, ಮೌಲ್ಯಮಾಪನವೇ ಆಗುವುದಿಲ್ಲ. ಬಳಿಚಕ್ರ ಎಂಬ ಹಳ್ಳಿಯ ಕೂಲಿ ಮನೆತನದ ಈ ಹುಡುಗಿ ಎಲ್ಲವನ್ನೂ ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆದು, ಹೊಸ್ತಿಲಲ್ಲೇ ಎಡವಿದ್ದಳು. ಅವರ ಊರಲ್ಲಿ ಮಾತ್ರ, "ಹುಡುಗಿಗಿ ಜ್ಞಾನ ಕಡಿಮಿ ಬಿತ್ತು" ಎಂದು ಮಾತಾಗಿತ್ತು. ಅದು ಆಕೆಗೆ ಸೋಲಿಗಿಂತ ಹೆಚ್ಚು ಚುಚ್ಚಿತ್ತು.

"ನಿಂದು?" ಎಂದಳು.

ನನ್ನದು ಇನ್ನೂ ಹೀನಾಯ. ನಾನು ಮೊದಲ ಮೆಟ್ಟಿಲಲ್ಲೇ ಬಿದ್ದವಳು. ಪ್ರಿಲಿಮ್ಸ್ ಎಂಬ ಪೂರ್ವಭಾವಿ ಪರೀಕ್ಷೆ ಒಂದೇ ದಿನ. ಬೆಳಗ್ಗೆ ಸಾಮಾನ್ಯ ಜ್ಞಾನ, ಮಧ್ಯಾಹ್ನ ಲೆಕ್ಕ, ತರ್ಕ, ಓದಿ ಅರ್ಥಮಾಡಿಕೊಳ್ಳುವ ಪತ್ರಿಕೆ. ಮಧ್ಯಾಹ್ನದ್ದೂ ಬರೀ ಪಾಸಾಗಲಿಕ್ಕೆ ಇರುವುದು, ಮೂರನೇ ಒಂದು ಪಾಲು ಬಂದರೆ ಮುಗಿಯಿತು. ಬೆಳಗಿನ ಪತ್ರಿಕೆ ನಾನು ಹೂವಿನಂತೆ ಬರೆದಿದ್ದೆ. ಮಧ್ಯಾಹ್ನ ಎರಡು ನಳ ಸೇರಿ ನೀರಿನ ಟಾಕಿ ತುಂಬುವ ಲೆಕ್ಕ ಬಂದು ನನ್ನನ್ನು ಮುಳುಗಿಸಿತು.

"ಅಂದ್ರ ನಾವಿಬ್ಬರೂ ಲೆಕ್ಕಕ್ಕಿಲ್ಲದ ಪೇಪರ್‌ನ್ಯಾಗ ಬಿದ್ದೇವಿ!" ಸುಜಾತಾ ಮೊದಲ ಸಲ ನಕ್ಕಳು. "ನಾ ಬಿ.ಎಸ್ಸಿ. ಮ್ಯಾಥ್ಸ್. ನೀ?"

"ಬಿ.ಎ. ಇಂಗ್ಲಿಷ್."

ಆಕೆ ಪತ್ರಿಕೆ ಬದಿಗಿಟ್ಟು ನನ್ನನ್ನು ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದಳು. "ಮುಯ್ಯಿ ಮಾಡೂಣೇನು?"

ಮುಯ್ಯಿ ಅಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು ಕಳೆ ತೆಗೆಯಲು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಕೂಲಿ ಇಲ್ಲ, ಉಪಕಾರವೂ ಅಲ್ಲ. ಮನೆಯಲ್ಲಿ ಮದುವೆಯಿದ್ದರೂ ಮುಯ್ಯಿಗೆ ಕರೆ ಬಂದರೆ ಹೋಗಲೇಬೇಕು. ಸುಜಾತಾಳ ತಾಯಿ ಭೀಮವ್ವ ತಮ್ಮ ತುಂಡು ಹೊಲವನ್ನು ವರ್ಷವೂ ಮುಯ್ಯಾಳುಗಳ ಮೇಲೇ ನಡೆಸುವವಳು. ನನಗೆ ಸುಜಾತಾ ಲೆಕ್ಕ ಕಲಿಸಬೇಕು, ಸುಜಾತಾಳಿಗೆ ನಾನು ಇಂಗ್ಲಿಷ್ ಕಲಿಸಬೇಕು, ಇದು ಕರಾರು. ಆ ವಾರವೇ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಮಲ್ಲಮ್ಮನ ಅಟ್ಟ ಹತ್ತಿದೆವು.

ಮಲ್ಲಮ್ಮ ಗಂಡ ತೀರಿದ ಮೇಲೆ ಒಬ್ಬಳೇ ಗಿರಣಿ ನಡೆಸುತ್ತಿದ್ದ ಗಟ್ಟಿಗಿತ್ತಿ. ಹುಬ್ಬಿನ ಮೇಲೆ ಸದಾ ಹಿಟ್ಟು. ಮೊದಲ ದಿನವೇ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು.

"ಏನ್ ಪರೀಕ್ಷಾರೀ ಅದು? ವರ್ಷಗಟ್ಲೆ ಬರೀತಾರಂತಲ್ಲ?"

ನಾನು ಹೇಳಿದೆ. ಮೊದಲು ಪ್ರಿಲಿಮ್ಸ್, ಅದರ ಅಂಕ ಮುಂದೆ ಬರುವುದಿಲ್ಲ, ಬರೀ ಜನ ಕಡಿಮೆ ಮಾಡಲಿಕ್ಕೆ. ಆಮೇಲೆ ಮೇನ್ಸ್, ಕೂತು ಬರೆಯುವುದು. ಅದರಲ್ಲಿ ಗೆದ್ದವರನ್ನು ದಿಲ್ಲಿಗೆ ಕರೆದು ಮಾತಾಡಿಸುತ್ತಾರೆ. ಮೇನ್ಸ್ ಮತ್ತು ಸಂದರ್ಶನದ ಅಂಕ ಕೂಡಿಸಿದರೆ ರ‍್ಯಾಂಕು.

"ಅಷ್ಟ ಹೌದಿಲ್ಲ? ಮೊದಲ ಕಾಳು ಹಸನ ಮಾಡೂದು, ಆಮ್ಯಾಲ ಬೀಸೂದು, ಕಡೀಕ ರೊಟ್ಟಿ ಉಬ್ಬತದೋ ಇಲ್ಲೋ ನೋಡೂದು" ಎಂದು ಬೆಲ್ಟು ಏರಿಸಿದಳು. ಗಿರಣಿ ಗರ್ರೆಂದಿತು. ಅಂದಿನಿಂದ ನಮ್ಮ ಕೋಣೆಯಲ್ಲಿ ಮೂರು ಹಂತಗಳ ಹೆಸರು ಅವೇ ಆದವು.

ಹಸನು ಮಾಡುವ ಕಾಲ ಹತ್ತಿರವಿತ್ತು. ಪ್ರಿಲಿಮ್ಸ್‌ವರೆಗೆ ನನ್ನ ಹೊಲದ ಪಾಳಿ. ಬೆಳಗ್ಗೆ ಛಾವಣಿ ಮೇಲೆ ಕೂಡುತ್ತಿದ್ದೆವು. ಎದುರಿಗೆ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟ. ಸುಜಾತಾ ಅದಕ್ಕೊಮ್ಮೆ ಕೈಮುಗಿದು ನನ್ನ ಕಡೆ ತಿರುಗಿ ಶುರುಮಾಡುತ್ತಿದ್ದಳು. ನಾನೇನು ಸುಲಭದ ಶಿಷ್ಯಳೇ? ಪ್ರತಿ ಲೆಕ್ಕಕ್ಕೂ ಜಗಳ.

"ಟಾಕಿ ತುಂಬಾಕತ್ತದಂದ್ರ ಕೆಳಗಿನ ನಳ ಯಾಕ ತೆರೀತಾರ? ನಮ್ಮ ಯಾದಗಿರಿ ಬ್ಯಾಸಿಗ್ಯಾಗ ಇಂಥಾದು ಮಾಡಿದ್ರ ಓಣಿಯವರು ಬಡೀತಾರ!"

"ನಿನಗ ನ್ಯಾಯ ಬೇಕೋ, ಜವಾಬ್ ಬೇಕೋ?"

"ನ್ಯಾಯ!"

"ಹಂಗಾರ ವಕೀಲಿಕಿ ಮಾಡು. ಈಗ ಬರೀ. ಒಂದು ತಾಸಿನ್ಯಾಗ ಎಷ್ಟು ತುಂಬತದ, ಎಷ್ಟು ಸೋರತದ, ಕಳೀ."

ಅಷ್ಟರಲ್ಲಿ ಕರೆಂಟು ಬಂದು ಗಿರಣಿ ಶುರುವಾಗುತ್ತಿತ್ತು. ಆಕೆ ಕಿರುಚಿ ಕೇಳುವುದು, ನಾನು ಕಿರುಚಿ ಉತ್ತರಿಸುವುದು. ಕೆಳಗೆ ಸಾಲಿನಲ್ಲಿ ನಿಂತ ಹೆಂಗಸರು ಜೋಳದ ಪುಟ್ಟಿ ಕಂಕುಳಲ್ಲಿಟ್ಟುಕೊಂಡು, "ಇವತ್ತ ಟಾಕಿ ತುಂಬಿತೇನ್ರೀ?" ಎಂದು ಕೂಗಿ ಕೇಳುತ್ತಿದ್ದರು. ತಪ್ಪು ಉತ್ತರಕ್ಕೆ ಮೂರನೇ ಒಂದು ಪಾಲು ಅಂಕ ಕತ್ತರಿಸುತ್ತಾರೆ. ಆದರೆ ಖಾಲಿ ಬಿಡುವುದೆಂದರೆ ನನಗೆ ಪ್ರಾಣಸಂಕಟ. ಸುಜಾತಾ ನನ್ನ ಕೈಮೇಲೆ ಪೆನ್ನಿನಿಂದ ಹೊಡೆದು ಹೊಡೆದು ಆ ಚಟ ಬಿಡಿಸಿದಳು. "ಗೊತ್ತಿಲ್ಲಂದ್ರ ಕೈ ಕಟ್ಟಿ ಕೂಡು. ಸುಮ್ಮ ಕೂಡೂದೂ ಒಂದು ಜವಾಬ್."

ಧಾರವಾಡದ ಕೇಂದ್ರದಲ್ಲಿ ಇಬ್ಬರೂ ಬರೆದೆವು. ಮಧ್ಯಾಹ್ನದ ಪತ್ರಿಕೆ ತೆರೆದರೆ ನಳವೂ ಇತ್ತು, ಟಾಕಿಯೂ ಇತ್ತು! ನನಗೆ ನಗು ತಡೆಯಲಾಗಲಿಲ್ಲ, ಕೊಠಡಿಯ ಮೇಲ್ವಿಚಾರಕರು ದುರುಗುಟ್ಟಿ ನೋಡಿದರು. ಮೊದಲ ಮಳೆ ಬಿದ್ದು ಹೆಸರು ಬಿತ್ತುವ ಹೊತ್ತಿಗೆ ಫಲಿತಾಂಶ ಬಂತು. ಇಬ್ಬರ ನಂಬರೂ ಇತ್ತು. ನಾನು ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಇಳಿದು ಮಲ್ಲಮ್ಮನನ್ನು ಅಪ್ಪಿಕೊಂಡೆ. ಇಬ್ಬರ ಮೈಗೂ ಹಿಟ್ಟಾಯಿತು.

"ಹಸನ ಆತು. ಈಗ ಬೀಸ್ರಿ" ಎಂದಳು ಆಕೆ.

ಇನ್ನು ಸುಜಾತಾಳ ಹೊಲದ ಪಾಳಿ. ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಬಂಧ ಇರುತ್ತದೆ, ಗದ್ಯ ಓದಿ ಉತ್ತರಿಸುವುದಿರುತ್ತದೆ, ವ್ಯಾಕರಣವಿರುತ್ತದೆ, ಮತ್ತೆ ಪ್ರೆಸಿ ಎಂಬುದಿರುತ್ತದೆ. ಕೊಟ್ಟ ಗದ್ಯವನ್ನು ನಿಮ್ಮ ಮಾತಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಸುಜಾತಾ ಬರೆದು ಕೊಟ್ಟ ಮೊದಲ ಪ್ರೆಸಿ ನೋಡಿ ನಾನು ದಂಗಾದೆ. ಮೂಲಕ್ಕಿಂತ ಉದ್ದವಿತ್ತು.

"ಇದೇನಬೇ? ಇಳಿಸು ಅಂದ್ರ ಏರಿಸಿದಿ?"

"ಅವರು ಬರ‍್ದದ್ದು ಅಪೂರ್ಣ ಇತ್ತು. ಎರಡು ಉದಾಹರಣಾ ಹಾಕೀನಿ. ಕೊಡೂದ ಕೊಡ್ತೇವಿ, ಕೈತುಂಬ ಕೊಡೂಣು ಅಂತ."

ಹೋದ ವರ್ಷ ಏನಾಗಿತ್ತೆಂದು ಆಗ ತಿಳಿಯಿತು. ಈಕೆ ಪ್ರೆಸಿಗೆ ಕೊಸರು ಹಾಕಿದ್ದಳು! ನಮ್ಮ ಕಡೆ ಸಂತೆಯಲ್ಲಿ ಕಾಳು ಅಳೆದ ಮೇಲೆ ಇನ್ನೊಂದು ಹಿಡಿ ಹಾಕದಿದ್ದರೆ ಕೊಟ್ಟಂತೆಯೇ ಅಲ್ಲ. ಆ ಹಿಡಿಯೇ ಕೊಸರು. ತಾಯಿಯ ಹೊಟ್ಟೆಯಿಂದ ಬಂದ ಬುದ್ಧಿ, ಪುಸ್ತಕದಿಂದ ಹೋಗುವುದೇ? ಪ್ರೆಸಿಯೊಂದಕ್ಕೇ ಅರ್ಧ ಸಮಯ ತಿಂದು, ಪ್ರಬಂಧವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು. ಎಷ್ಟು ಹೇಳಿದರೂ ಕೈ ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ.

ನನ್ನೂರು ಕೆಂಭಾವಿ. ನಮ್ಮವ್ವ ಸಂತೆಯಲ್ಲಿ ಬೇಳೆಕಾಳು ಮಾರುತ್ತಾಳೆ. ಒಂದು ಸಂತೆಯ ದಿನ ಸುಜಾತಾಳನ್ನು ಕರೆದುಕೊಂಡು ಹೋಗಿ ಅವ್ವನ ಚೀಲದ ಮುಂದೆ ಕೂರಿಸಿದೆ. "ಅಳದು ಕೊಡು. ಒಂದು ಕಾಳೂ ಹೆಚ್ಚಿಗಿ ಹಾಕಬ್ಯಾಡ." ಅವ್ವ ಚಹಾ ಕುಡಿಯಲು ಎದ್ದು ಹೋಗಿದ್ದಳು. ಮೊದಲ ಗಿರಾಕಿ ಒಬ್ಬ ಮುದುಕಿ. ಸುಜಾತಾ ಹೆಸರುಬೇಳೆ ಅಳೆದು ಸುರುವಿದಳು. ಮುದುಕಿ ಸೆರಗು ಒಡ್ಡಿಕೊಂಡೇ ನಿಂತಳು. ಸುಜಾತಾಳ ಬಲಗೈ ತಾನೇ ತಾನಾಗಿ ಕಾಳಿನ ರಾಶಿಗೆ ಹೋಯಿತು. ನಾನು ಕೆಮ್ಮಿದೆ. ಕೈ ಹಿಂದೆ ಬಂತು.

"ಯಾಕಬೇ ತಂಗಿ, ಕೊಸರು ಎಲ್ಲದ?"

"ಇಲ್ರಿ ಆಯಿ."

"ಇಲ್ಲಾ? ಈ ಅಂಗಡ್ಯಾಗ ಕೊಸರಿಲ್ಲಾ? ನಿಮ್ಮವ್ವ ಬದುಕ್ಯಾಳೋ ಇಲ್ಲೋ?"

ಜನ ಸೇರಿದರು. ಇನ್ನೂ ಇಬ್ಬರಿಗೆ ಹಾಗೇ ಕೊಟ್ಟಳು, ಕಣ್ಣಲ್ಲಿ ನೀರು, ಕೈ ಮಾತ್ರ ಗಟ್ಟಿ. ಅಷ್ಟರಲ್ಲಿ ಅವ್ವ ಬಂದು ಸಂಗತಿ ತಿಳಿದು ನನ್ನ ಜುಟ್ಟಿಗೇ ಕೈ ಹಾಕಿದಳು. "ನಿಮ್ಮ ಪರೀಕ್ಷಾ ನಿಮ್ಮ ಕೋಣ್ಯಾಗ ಬರಕೋರಿ! ನನ್ನ ಗಿರಾಕಿ ಯಾಕ ಹೈರಾಣ ಮಾಡ್ತೀರಿ?" ಎಂದು ಮುದುಕಿಯನ್ನು ಕೂಗಿ ಕರೆದು ಎರಡು ಹಿಡಿ ಹಾಕಿದಳು. ನಾವಿಬ್ಬರೂ ಶಹಾಪುರದ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಮರುದಿನ ಆಕೆ ಬರೆದ ಪ್ರೆಸಿ ಅಳತೆಗೆ ಸರಿಯಾಗಿತ್ತು. ಕೊನೆಗೆ ಜಾಗ ಉಳಿದಿತ್ತು, ಆಕೆ ಅದನ್ನು ಉಪವಾಸವಿದ್ದವರು ಹೋಳಿಗೆ ನೋಡುವಂತೆ ನೋಡುತ್ತಿದ್ದಳು.

ಆ ಮಳೆಗಾಲ ಪೂರ್ತಿ ಇಂಗ್ಲಿಷ್. ಶಿರವಾಳದ ಹಳೆಯ ಗುಡಿಗಳನ್ನು ನೋಡಲು ಹೋದೆವು. ಇತಿಹಾಸಕ್ಕೆ ಬೇಕೆಂದು ನಾನು ಕಂಬ ನೋಡಿದರೆ, ಆಕೆ ಪ್ರತಿ ಕಂಬಕ್ಕೂ ಒಂದೊಂದು ಇಂಗ್ಲಿಷ್ ವಾಕ್ಯ ಹೇಳಬೇಕು. ಮಳೆ ಹನಿಯುವಾಗ ಗುಡಿಯೊಳಗೆ ನಿಂತು ಆಕೆ ವಾಕ್ಯ ಹೇಳುವುದು, ನಾನು ತಿದ್ದುವುದು, ತಪ್ಪಿದರೆ ಅದೇ ಕಂಬದ ಹತ್ತಿರ ಮತ್ತೆ ಬರುವುದು. ದನ ಕಾಯುವವರು ಕೋಲಿಗೆ ಗದ್ದ ಊರಿ ನಮ್ಮನ್ನೇ ನೋಡುತ್ತಿದ್ದರು.

ಮೇನ್ಸ್ ಬೆಂಗಳೂರಿನಲ್ಲಿ. ಮೊದಲ ವಾರ ಪ್ರಬಂಧ, ಸಾಮಾನ್ಯ ಜ್ಞಾನ. ಬೆಳಗ್ಗೆ ಮೂರು ತಾಸು, ಮಧ್ಯಾಹ್ನ ಮೂರು ತಾಸು, ಬೆರಳು ಊದಿಕೊಂಡು ಚಮಚ ಹಿಡಿಯಲು ಬರುತ್ತಿರಲಿಲ್ಲ. ಭಾಷಾ ಪತ್ರಿಕೆ ಎರಡನೇ ವಾರ. ಎಲ್ಲರೂ ಅಂದು ಆರಾಮಾಗಿ ಬಂದಿದ್ದರು, ಲೆಕ್ಕಕ್ಕಿಲ್ಲದ ಪೇಪರು ತಾನೇ. ನಾನೂ ಸುಜಾತಾಳೂ ಮಾತ್ರ ಹೆದರಿದ ಕುರಿಗಳಂತೆ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದೆವು. ಬೆಳಗಿನ ಕನ್ನಡ ಪತ್ರಿಕೆ ಸಲೀಸಾಗಿ ಮುಗಿಯಿತು. ಮಧ್ಯಾಹ್ನ ಇಂಗ್ಲಿಷ್. ನನಗೆ ನನ್ನ ಉತ್ತರಕ್ಕಿಂತ ಎರಡು ಸಾಲು ಮುಂದೆ ಕೂತ ಆಕೆಯ ಬೆನ್ನಿನ ಮೇಲೇ ಕಣ್ಣು. ಆ ಬೆನ್ನು ಒಮ್ಮೆ ಬಗ್ಗಿತು, ನಿಂತಿತು, ಮತ್ತೆ ಬಗ್ಗಿತು.

ಹೊರಗೆ ಬಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ಏನಾತು? ಹೇಳಬೇ!"

"ಎಲ್ಲಾ ಬರ‍್ದೀನಿ. ಕೊಸರು ಹಾಕಿಲ್ಲ" ಎಂದವಳೇ ಜನರ ನಡುವೆ ಗೊಳೋ ಎಂದು ಅತ್ತಳು. ನಾನೂ ಅತ್ತೆ. ಯಾರೋ ಬಂದು ಸಮಾಧಾನ ಹೇಳಿದರು, ಪತ್ರಿಕೆ ಕಷ್ಟವಿತ್ತೆಂದು ತಿಳಿದಿದ್ದರು ಪಾಪ.

ಮೇನ್ಸ್ ಫಲಿತಾಂಶ ಬಂದಾಗ ಹತ್ತಿ ಬಿಡಿಸುವ ಕಾಲ. ಸುಜಾತಾ ತಾಯಿಗೆ ನೆರವಾಗಲು ಬಳಿಚಕ್ರಕ್ಕೆ ಹೋಗಿದ್ದಳು, ಫೋನು ಹತ್ತುತ್ತಿರಲಿಲ್ಲ. ನಾನು ಶಹಾಪುರದಿಂದ ಯಾದಗಿರಿಗೆ, ಅಲ್ಲಿಂದ ಬಳಿಚಕ್ರಕ್ಕೆ ಸಿಕ್ಕ ಬಸ್ಸು ಹತ್ತಿ ಓಡಿದೆ. ಹೊಲದ ತುಂಬ ಬಿಳಿ, ಅದರ ನಡುವೆ ಸೊಂಟಕ್ಕೆ ಸೆರಗಿನ ಚೀಲ ಕಟ್ಟಿಕೊಂಡ ಹೆಂಗಸರ ಸಾಲು. ಒಡ್ಡಿನ ಮೇಲೆ ನಿಂತು ಗಿರಣಿಯ ಗಂಟಲಿನಲ್ಲಿ ಕೂಗಿದೆ. "ಸುಜಾತಾ! ಏ ಸುಜಾತಾ!"

ಭೀಮವ್ವ ಎದೆ ಹಿಡಿದುಕೊಂಡಳು. "ಯಾರಿಗೇನಾತವ್ವ?"

"ನಂಬರ್ ಬಂದದ! ಇಂಗ್ಲಿಷ್ ಪಾಸ್! ದಿಲ್ಲಿಗಿ ಕರದಾರ!"

ಸುಜಾತಾ ಹತ್ತಿಯ ಗಿಡಗಳನ್ನು ದಾಟಿ ಬಂದವಳು ಮೊದಲು ಕೇಳಿದ್ದು, "ನಿಂದು?"

"ನಂದಿಲ್ಲ."

ಸುಳ್ಳು ಯಾಕೆ ಹೇಳಲಿ, ಬಸ್ಸಿನಲ್ಲಿ ಬರುವಾಗ ಯಾದಗಿರಿವರೆಗೂ ಹೊಟ್ಟೆಯಲ್ಲಿ ಕಿಚ್ಚು ಉರಿದಿತ್ತು. ನಾನು ಕಲಿಸಿದವಳು ಹೋದಳು, ನಾನು ಉಳಿದೆ ಎಂದು. ಆದರೆ ಆ ಒಡ್ಡಿನ ಮೇಲೆ ನಿಂತು ಆಕೆಯ ಹೆಸರು ಕೂಗುವಾಗ ಆದ ಸಂತೋಷ ಸುಳ್ಳಲ್ಲ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಇನ್ನಾವ ಸುದ್ದಿಯನ್ನೂ ಹೇಳಿಲ್ಲ. ಭೀಮವ್ವ ಇಬ್ಬರನ್ನೂ ಎಳೆದು ಕೂರಿಸಿ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ. "ಈಕೀದು ಒಂದು ಪಾಳಿ ಮುಗೀತು. ಇನ್ನ ನಿಂದು" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಕೂತ ಹೆಂಗಸರಲ್ಲಿ ಒಬ್ಬಳು ತಮಾಷೆ ಮಾಡಿದಳು. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕವ್ವ? ಸಾಹೇಬ್ರು ಆದ ಮ್ಯಾಲ ಈಕಿ ಎಲ್ಲಿ, ನೀ ಎಲ್ಲಿ." ಎಲ್ಲರೂ ನಕ್ಕರು. ಸುಜಾತಾ ನಗಲಿಲ್ಲ.

ಸಂದರ್ಶನದ ತಯಾರಿಗೆ ಸುರಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ನನ್ನ ಅಪ್ಪನ ಪರಿಚಯದ ನಿವೃತ್ತ ಮಾಸ್ತರರೊಬ್ಬರು ಪಡಸಾಲೆಯಲ್ಲಿ ಕುರ್ಚಿಗಳನ್ನು ಸಾಲಾಗಿಟ್ಟು ಮಂಡಳಿಯ ಅಧ್ಯಕ್ಷರಾಗುತ್ತಿದ್ದರು. ಅವರ ಹೆಂಡತಿ, ನಾನು, ಪಕ್ಕದ ಮನೆಯ ಅಂಚೆ ನೌಕರರು ಸದಸ್ಯರು. ಸುಜಾತಾ ಬಾಯಿ ತೆರೆದರೆ ಹಂಚು ಹಾರುವಂತಿತ್ತು.

"ಮೆಲ್ಲಗ ಮಾತಾಡವ್ವ, ನಾವೇನು ಕಿವುಡರಲ್ಲ" ಎನ್ನುತ್ತಿದ್ದರು ಮಾಸ್ತರರು.

"ಗಿರಣಿ ಮ್ಯಾಲ ಓದೀನ್ರಿ ಸರ್, ಮೆಲ್ಲಗ ಬರೂದಿಲ್ಲ."

ದಿಲ್ಲಿಗೆ ಹೋಗುವ ರೈಲು ಯಾದಗಿರಿಯಲ್ಲೇ ನಿಲ್ಲುತ್ತದೆ. ಜೊತೆಗೆ ನಾನೂ ಹೊರಟೆ. ನಿಲ್ದಾಣಕ್ಕೆ ಬಂದ ಭೀಮವ್ವ ಶೇಂಗಾ ಹೋಳಿಗೆಯ ಗಂಟು ಕೊಟ್ಟು, ಮಗಳ ಸೀರೆಯ ನಿರಿಗೆ ಸರಿಪಡಿಸಿ, "ಕೇಳಿದಷ್ಟಕ್ಕ ಹೇಳು" ಎಂದಳು. ಕೊಸರಿನ ಕಥೆ ಆಕೆಗೂ ಗೊತ್ತಾಗಿತ್ತು. ದಿಲ್ಲಿಯಲ್ಲಿ ಚಳಿ. ಪರೀಕ್ಷೆ ನಡೆಸುವ ಆಯೋಗದ ಗೇಟಿನ ಒಳಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ. ನಾನು ಹೊರಗೆ ರಸ್ತೆಯಂಚಿನಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತ, ಆ ಗೋಡೆಯೊಳಗೆ ಕೇಳಿರಬಹುದಾದ ಪ್ರಶ್ನೆಗಳಿಗೆಲ್ಲ ಒಬ್ಬಳೇ ಗೊಣಗಿಕೊಂಡು ಉತ್ತರಿಸುತ್ತಿದ್ದೆ.

ಮಧ್ಯಾಹ್ನ ಆಕೆ ಹೊರಗೆ ಬಂದಳು, ಓಡುತ್ತ, ಸೀರೆ ಎತ್ತಿಹಿಡಿದು. ಕನ್ನಡದಲ್ಲಿ ಸಂದರ್ಶನ ಕೇಳಿದ್ದರಿಂದ ಒಳಗೆ ದುಭಾಷಿ ಒಬ್ಬರಿದ್ದರಂತೆ. ಸುರಪುರದ ಚಿತ್ರಕಲೆ ಕೇಳಿದರು, ತೊಗರಿ ಕೇಳಿದರು, ಜಿಲ್ಲಾಧಿಕಾರಿಯಾದರೆ ಏನು ಮಾಡುತ್ತೀ ಎಂದರು. ಕಡೆಗೆ ಅಧ್ಯಕ್ಷರು, ಈ ಪರೀಕ್ಷೆಯಲ್ಲಿ ನಿನಗೆ ಅತಿ ಕಷ್ಟವಾದದ್ದು ಯಾವುದು ಎಂದು ಕೇಳಿದರಂತೆ.

"ಪ್ರೆಸಿ ಅಂದೆ. ಯಾಕ ಅಂದ್ರು. ನಮ್ಮ ಕಡಿ ಕೊಸರು ಇಲ್ದ ಏನೂ ಕೊಡೂದಿಲ್ಲ, ಅದಕ್ಕ ಅಂದೆ. ಪಾಪ, ದುಭಾಷಿ ಬೆಂಗಳೂರಿನವರು, ನಮ್ಮ ಸಂತಿ ನೋಡಿಲ್ಲ. ಹೆಂಗ ಹೇಳಬೇಕು ತಿಳೀದೆ ನನ್ನ ಮಾರಿ ನೋಡಿದ್ರು. ಸರ್, ನಾನೇ ಹೇಳ್ಲಾ ಅಂದೆ."

"ಆಮ್ಯಾಲ?"

"ನಾನೇ ಹೇಳಿದೆ. ಇಂಗ್ಲಿಷ್‌ನ್ಯಾಗ. ಸಂತಿ, ಮುದುಕಿ, ನಿಮ್ಮವ್ವ, ಎರಡು ಹಿಡಿ, ಎಲ್ಲಾ."

"ಜೋರಾಗಿ ಹೇಳಿದೇನು?"

"ಹೂಂ. ಗಿರಣಿ ಚಾಲೂ ಇದ್ದಂಗ." ಮಂಡಳಿಯವರೆಲ್ಲ ನಕ್ಕರಂತೆ. ಒಬ್ಬ ಸದಸ್ಯೆ, ನಮ್ಮೂರಲ್ಲೂ ಹೀಗೇ ಇದೆ ಎಂದರಂತೆ. ದಿಲ್ಲಿಯ ಆ ರಸ್ತೆಯಲ್ಲಿ ನಾವಿಬ್ಬರೂ ಕೈ ಕೈ ಹಿಡಿದು ಗರಗರ ತಿರುಗಿದೆವು. ನನ್ನ ಕೈಯಲ್ಲಿದ್ದ ಚಹಾ ಯಾರ ಕೋಟಿನ ಮೇಲೆ ಚೆಲ್ಲಿತೋ ದೇವರೇ ಬಲ್ಲ.

ಮತ್ತೆ ಏಪ್ರಿಲ್. ಮಲಗಿದ ಬುದ್ಧನ ಬೆಟ್ಟ ಕಾದ ಹೆಂಚಾಗಿತ್ತು. ಈ ಪರೀಕ್ಷೆಯ ವಿಚಿತ್ರವೇ ಅದು. ಒಂದು ವರ್ಷದ ಕೊನೆಯ ಫಲಿತಾಂಶ ಬರುವ ಹೊತ್ತಿಗೆ ಮುಂದಿನ ವರ್ಷದ ಪ್ರಿಲಿಮ್ಸ್ ಬಾಗಿಲು ಬಡಿಯುತ್ತಿರುತ್ತದೆ. ಗೆದ್ದವರು ಹಾರ ಹಾಕಿಸಿಕೊಳ್ಳುವಾಗ ಸೋತವರು ಮತ್ತೆ ಮೊದಲಿನಿಂದ ಹಸನು ಮಾಡಲು ಕೂಡಬೇಕು. ಮೇನ್ಸ್‌ವರೆಗೆ ಹೋಗಿ ಬಂದಿದ್ದಕ್ಕೆ ಯಾವ ರಿಯಾಯಿತಿಯೂ ಇಲ್ಲ, ನನಗೆ ಮತ್ತೆ ಅದೇ ನಳ, ಅದೇ ಟಾಕಿ. ಸಂಜೆ ಪಟ್ಟಿ ಬಂತು. ಸುಜಾತಾಳ ಹೆಸರಿತ್ತು. ಮಲ್ಲಮ್ಮ ಗಿರಣಿ ನಿಲ್ಲಿಸಿ, ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಬೆಲ್ಲ ಹಂಚಿದಳು. ಊರಿನಲ್ಲಿದ್ದ ಸುಜಾತಾ ಫೋನಿನಲ್ಲಿ ಮಾತಾಡಲಾಗದೆ ಬರೀ ಅಳುತ್ತಿದ್ದಳು. ಹಿಂದೆ ಡೊಳ್ಳಿನ ಸದ್ದು ಕೇಳುತ್ತಿತ್ತು. ಮರುದಿನ ಬೆಳಗ್ಗೆ ಸನ್ಮಾನವಂತೆ, ಹೋದ ವರ್ಷ ಜ್ಞಾನ ಕಡಿಮೆ ಎಂದವರೇ ಹಾರ ತರುವವರಿದ್ದರಂತೆ.

"ನಾಳಿ ನೀ ಬಳಿಚಕ್ರಕ್ಕ ಹೋಗೂದಿಲ್ಲೇನು?" ಎಂದಳು ಮಲ್ಲಮ್ಮ.

"ಹೋಗಬೇಕು" ಎಂದೆ. ಹೋಗುವ ಮನಸ್ಸೂ ಇತ್ತು, ಪ್ರಿಲಿಮ್ಸ್ ಭಯವೂ ಇತ್ತು. ಹೊಳೆ, ಅಂಬಿಗ ಎಂದು ಆ ಹೆಂಗಸು ಆಡಿದ ಮಾತು ಯಾಕೋ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಬೆಳಗ್ಗೆ ಹೊರಡಲೆಂದು ತಲೆ ಬಾಚಿಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ಸುಜಾತಾ! ಹಣೆಯ ಮೇಲೆ ನಿನ್ನೆಯ ಗುಲಾಲು ಇನ್ನೂ ಹೋಗಿರಲಿಲ್ಲ. ಬಗಲಲ್ಲಿ ಹಳೇ ಲೆಕ್ಕದ ಪುಸ್ತಕ.

"ಏ ಹುಚ್ಚಿ, ಇವತ್ತ ನಿನ್ನ ಸನ್ಮಾನ ಅಲ್ಲೇನು?"

"ಪ್ರಿಲಿಮ್ಸ್ ಬಂತಲ್ಲ, ಈಗ ನಿನ್ನ ಹೊಲದ ಪಾಳಿ. ಕೂಡು." ಚಾಪೆ ಹಾಸಿ ಕೂತೇಬಿಟ್ಟಳು, ಪುಟ ತೆರೆದಳು. "ಒಂದು ಟಾಕಿ ಅದ. ಮ್ಯಾಲ ಎರಡು ನಳ, ಕೆಳಗ ಒಂದು."

ಅಷ್ಟರಲ್ಲಿ ಆಕೆಯ ಫೋನು ಹೊಡೆದುಕೊಂಡಿತು. ಊರಿನಿಂದ ಭೀಮವ್ವ. ಸುಜಾತಾ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು. ಅತ್ತ ಕಡೆ ಜನರ ಗದ್ದಲ, ಡೊಳ್ಳು, ಯಾರೋ ಹಿರಿಯರು ಸಿಟ್ಟಿನಿಂದ ಕೇಳುತ್ತಿದ್ದರು. "ಭೀಮವ್ವ, ಹಾರ ಹಿಡಕೊಂಡು ನಿಂತೇವಿ, ನಿಮ್ಮ ಸುಜಾತಾ ಎಲ್ಲಿ ಹೋಗ್ಯಾಳ?"

ಭೀಮವ್ವನ ದನಿ ನಿಧಾನವಾಗಿ, ಸ್ಪಷ್ಟವಾಗಿ ಕೇಳಿಸಿತು.

"ಮುಯ್ಯಿಗಿ ಹೋಗ್ಯಾಳ್ರಿ. ಸಂಜಿಗಿ ಬರ್ತಾಳ, ನಿಂದರ್ರಿ."

ಕೆಳಗೆ ಮಲ್ಲಮ್ಮ ಬೆಲ್ಟು ಏರಿಸಿದಳು. ಗಿರಣಿ ಶುರುವಾಯಿತು, ನೆಲ ನಡುಗಿತು. ಸುಜಾತಾ ನನ್ನ ಕಿವಿಯ ಹತ್ತಿರ ಬಾಗಿ ಕಿರುಚಿದಳು. "ಎರಡನೇ ನಳ ಯಾವಾಗ ಮುಚ್ಚಿದ್ರು?"